ರಬಕವಿಯ ಮಗ್ಗದ ಕೋಣೆಯಲ್ಲಿ ಎರಡು ಬರ್ಬನ್ ಬಾಟಲಿ

ಬಾಗಲಕೋಟೆಯ ನವನಗರದಿಂದ ಮುಧೋಳಕ್ಕೆ ಹೊರಟ ಬೆಳಗಿನ ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲೆ ಅಪ್ಪಿಕೊಂಡು ಕುಳಿತಿದ್ದೆ. ಚಳಿಗಾಲ, ಕಿಟಕಿಯ ಗಾಜು ಅಲುಗಾಡುತ್ತ ತಣ್ಣನೆಯ ಗಾಳಿ ಒಳಗೆ ಬಿಡುತ್ತಿತ್ತು. ಕಂಡಕ್ಟರ್ ಬಂದು, “ಚೀಲಾ ಮ್ಯಾಲ ಇಡ್ರಿ ಸರ” ಎಂದ.

“ಒಡೀತಾವ್ರಿ.”

“ತತ್ತಿ ಏನ್ರಿ?”

ಹೂಂ ಎಂದೆ. ಇದ್ದದ್ದು ಟವೆಲ್ಲಿನಲ್ಲಿ ಸುತ್ತಿದ ಎರಡು ಬಾಟಲಿ ಬರ್ಬನ್. ಅಮೆರಿಕದವರು ಹೆಚ್ಚಾಗಿ ಗೋವಿನಜೋಳದಿಂದ ಮಾಡುವ ವಿಸ್ಕಿ ಅದು. ಕಚೇರಿ ಕೆಲಸಕ್ಕೆ ದುಬೈಗೆ ಹೋಗಿದ್ದಾಗ ವಿಮಾನ ನಿಲ್ದಾಣದಲ್ಲಿ ಕೊಂಡಿದ್ದೆ. ಒಂದು, ಬೇರೆ ಯಾವುದರೊಡನೆಯೂ ಬೆರೆಸದೆ ಒಂದೇ ಪೀಪಾಯಿಯಿಂದ ತುಂಬಿಸಿದ್ದು. ನೀರನ್ನೂ ಸೇರಿಸಿರಲಿಲ್ಲವಾದ್ದರಿಂದ ಬಹಳ ಕಡಕ್. ಇನ್ನೊಂದನ್ನು ಕೊನೆಯ ಕೆಲವು ತಿಂಗಳು ಪೋರ್ಟ್ ವೈನ್ ಇಟ್ಟಿದ್ದ ಹಳೆಯ ಪೀಪಾಯಿಯಲ್ಲಿ ಮಲಗಿಸಿದ್ದರು. ಧಾರವಾಡದ ಹಾಸ್ಟೆಲಿನ ಇಬ್ಬರು ಗೆಳೆಯರೊಂದಿಗೆ ಕೂತು ಎರಡನ್ನೂ ಹೋಲಿಸಿ ನೋಡಬೇಕೆಂಬುದೇ ಈ ಪ್ರಯಾಣದ ಉದ್ದೇಶ.

ಮುಧೋಳದಲ್ಲಿ ಮೊದಲನೆಯ ಗೆಳೆಯ ಈರಣ್ಣ ಸ್ಟ್ಯಾಂಡಿನಲ್ಲೇ ನಿಂತಿದ್ದ. ಸಕ್ಕರೆ ಕಾರ್ಖಾನೆಯೊಂದಕ್ಕೆ ಹೊಂದಿಕೊಂಡ ಡಿಸ್ಟಿಲರಿಯಲ್ಲಿ ಕಾಕಂಬಿಯಿಂದ ಇಳಿಸಿದ ಸ್ಪಿರಿಟ್ ಪರೀಕ್ಷೆ ಮಾಡುವುದು ಅವನ ನೌಕರಿ. ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಉಂಡೆವು. ಜಮಖಂಡಿಯ ರಸ್ತೆಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ನಮ್ಮ ಬಸ್ಸು ಅವುಗಳ ಹಿಂದೆ ತೆವಳಿತು. ಜಮಖಂಡಿಯಲ್ಲಿ ಬಸ್ಸು ಬದಲಿಸಿ ರಬಕವಿ ಮುಟ್ಟಿದಾಗ ಬಿಸಿಲು ಚುರುಗುಟ್ಟುತ್ತಿತ್ತು.

ಎರಡನೆಯ ಗೆಳೆಯ ಬಸವರಾಜ ಅಲ್ಲಿ ಸೀರೆ ವ್ಯಾಪಾರ ಮಾಡುತ್ತಾನೆ. ಓಣಿಯ ತುಂಬ ಪವರ್‌ಲೂಮಿನ ಸದ್ದು. ಅವನ ಚಿಕ್ಕಪ್ಪ ಶಿವಪ್ಪ ಕಾಕಾ ಮಾತ್ರ ಇನ್ನೂ ಕುಣಿಮಗ್ಗ ಬಿಟ್ಟಿಲ್ಲ. ಈ ಮಗ್ಗಕ್ಕೆ ನೆಲದಲ್ಲಿ ಕುಣಿ ತೋಡಿರುತ್ತಾರೆ. ನೇಕಾರ ಅಂಚಿನಲ್ಲಿ ಕೂತು ಕಾಲು ಕೆಳಗೆ ಬಿಟ್ಟು ಹಲಗೆ ತುಳಿಯಬೇಕು. ಕಾಕಾನ ಮೊಣಕಾಲುಗಳು ಹಿಡಿದುಕೊಂಡಿದ್ದವು; ಒಮ್ಮೆ ಕೂತರೆ ಏಳಲು ಯಾರಾದರೂ ಕೈ ಕೊಡಬೇಕು.

ಬಾಟಲಿ ಕಂಡ ಕೂಡಲೆ ಬಾಗಿಲಲ್ಲಿ ನಿಂತಿದ್ದ ಕಾಕಾನ ಹೆಂಡತಿ, ನಮಗೆಲ್ಲ ಕಾಕು, ಸೆರಗು ಬಿಗಿದರು. “ಅವು ನನ್ನ ಹೊಸ್ತಿಲಾ ದಾಟಿದ್ರ ಮೂವರಿಗೂ ರಾತ್ರಿ ಉಪಾಸ ನೋಡ್ರಿ.”

ಹಾಗಾಗಿ ಹಿತ್ತಲಿನ ಮಗ್ಗದ ಕೋಣೆಗೆ ಹೋದೆವು. ಕಾಕಾ ಲಾಳಿ ನಿಲ್ಲಿಸಿ ನಕ್ಕರು. “ಮಗ್ಗದ ಮ್ಯಾಲ ಕುಂತಾಗ ನಾ ಮುಟ್ಟಂಗಿಲ್ಲ. ವಾಸನಿ ಅಷ್ಟ ತೋರಸ್ರಿ.”

ಒಂದೇ ಪೀಪಾಯಿಯದನ್ನು ಮೂಸಿ, “ಬೆಲ್ಲದ ಕೊಪ್ಪರಿಗಿ ತಳಾ ಹಿಡದಂಗ ಐತಿ” ಎಂದರು. ಎರಡನೆಯದಕ್ಕೆ ಕಣ್ಣು ಮುಚ್ಚಿದರು. “ಇದರಾಗ ವಿಜಾಪುರದ ಒಣದ್ರಾಕ್ಷಿ ಹಾಕ್ಯಾರ.”

ನನ್ನ ನಾಲಿಗೆಗೂ ಹೆಚ್ಚುಕಡಿಮೆ ಹಾಗೇ ಅನ್ನಿಸಿತು. ಮೊದಲನೆಯದು ಗಂಟಲನ್ನು ಸುಟ್ಟು ಇಳಿಯಿತು. ನಾಲ್ಕು ಹನಿ ನೀರು ಬಿಟ್ಟ ಮೇಲೆ ಕರಿಬೆಲ್ಲ, ಆಗಷ್ಟೇ ಕೊಯ್ದ ಕಟ್ಟಿಗೆ, ಕೊನೆಗೆ ಲವಂಗದ ಚುರುಕು. ಎರಡನೆಯದು ಮೆತ್ತಗೆ, ಹಣ್ಣಿನ ಸಿಹಿ ಮುಂದೆ ಮಾಡಿಕೊಂಡು ಬಂತು, ಆದರೆ ಬೇಗ ಹೊರಟುಹೋಯಿತು. “ಎರಡನೇದು ಸೆಂಟ್ ಬಡಕೊಂಡ ಮದುಮಗ” ಎಂದ ಈರಣ್ಣ. ಬಸವರಾಜನಿಗೆ ಆ ಮದುಮಗನೇ ಹಿಡಿಸಿದ್ದ. ವಾದ ಶುರುವಾಯಿತು.

ವಾದ ಮುರಿಯಲು ಈರಣ್ಣ ಚಮಚ ಕೇಳಿದ. ಕಾಕಂಬಿ ಸ್ಪಿರಿಟ್ಟಿನ ಜನಕ್ಕೆ ಒಂದು ರೂಢಿಯಿದೆ: ಮಾಲು ಹೇಗಿದೆಯೆಂದು ನೋಡಲು ಚಮಚದಲ್ಲಿ ಹಾಕಿ ಕಡ್ಡಿ ಗೀರುತ್ತಾರೆ. “ಬಣ್ಣ ಕಲಸಿದ್ರ ತಳದಾಗ ಕಪ್ಪು ಉಳೀತೈತಿ” ಎಂದು ಒಂದೇ ಪೀಪಾಯಿಯದನ್ನು ಸುರಿದು ಹಚ್ಚಿದ. ಕಿಟಕಿಯಿಂದ ಬಿಸಿಲು ನೇರವಾಗಿ ಬೀಳುತ್ತಿತ್ತು. ಚಮಚದಲ್ಲಿ ಏನೂ ಕಾಣಲಿಲ್ಲ.

“ಹತ್ತಲೇ ಇಲ್ಲಲ್ಲೋ!” ಎಂದು ಬಸವರಾಜ ಕಿಚಾಯಿಸಿದ. ಈರಣ್ಣ ತುಂಬಿದ ಗ್ಲಾಸಿನಿಂದ ಮತ್ತಷ್ಟು ಸುರಿದ.

ಈಗಲೂ ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ, ಆ ಗಳಿಗೆಯನ್ನು ಹಿಂದಕ್ಕೆ ಓಡಿಸಿ ನೋಡುತ್ತೇನೆ. ಉರಿ ಹತ್ತಿತ್ತು, ಆ ಬಿಸಿಲಿನಲ್ಲಿ ಕಾಣುತ್ತಿರಲಿಲ್ಲ, ಅಷ್ಟೆ. ಅದು ಸುರಿಯುತ್ತಿದ್ದ ಧಾರೆಯನ್ನು ಹತ್ತಿ ಗ್ಲಾಸಿಗೆ ಬಂತು. ಈರಣ್ಣ “ಅವ್ವಾ!” ಎಂದು ಕೈ ಕೊಡವಿದ. ಗ್ಲಾಸು ನೆಲಕ್ಕೆ ಬಿದ್ದು ವಿಸ್ಕಿ ಇಳಿಜಾರಿನತ್ತ, ಕುಣಿಯ ಕಡೆ, ಹರಿಯಿತು. ಬೆಂಕಿ ಕಾಣಲಿಲ್ಲ. ನೆಲದ ಮೇಲಿನ ಹತ್ತಿಯ ತುಪ್ಪುಳು ಮಾತ್ರ ತಾನಾಗಿಯೇ ಕಪ್ಪಾಗುತ್ತ ಕಾಕಾನ ಕಡೆ ಹೊರಟಿತು.

“ಕಾಕಾ, ಕಾಲ ಮ್ಯಾಲ ತಗೀರಿ!” ಬಸವರಾಜ ಕೂಗಿದ.

“ಯಾಕಲೇ?”

“ಬೆಂಕಿರೀ, ಬೆಂಕಿ!”

“ಎಲ್ಲೈತಿ? ಕಾಣವಲ್ದು.” ಅವರು ಕತ್ತು ಚಾಚಿ ಅತ್ತಿತ್ತ ನೋಡಿದರು. ಅಷ್ಟರಲ್ಲಿ ವಿಸ್ಕಿ ಅಂಚು ದಾಟಿ ಕೆಳಗೆ ಇಳಿದಿತ್ತು. ಕುಣಿಯ ನೆರಳಿನಲ್ಲಿ ಮೊದಲ ಬಾರಿಗೆ ಉರಿ ಕಂಡಿತು, ತಿಳಿನೀಲಿ, ಅವರ ಪಾದದ ಸುತ್ತ.

ನಾನು ಒಂದು ಕಂಕುಳಿಗೆ ಕೈ ಹಾಕಿದೆ, ಬಸವರಾಜ ಇನ್ನೊಂದಕ್ಕೆ. ಮುಂದೆ ಮಗ್ಗ ಅಡ್ಡ, ಮೇಲೆತ್ತುವಷ್ಟು ಮೊಣಕಾಲು ಮಡಚುವುದಿಲ್ಲ. ಎಳೆದೆವು, ಬರಲಿಲ್ಲ. ಮತ್ತೆ ಎಳೆದೆವು. ಈರಣ್ಣ ನೀರಿನ ಕೊಡಕ್ಕೆ ಹೊದಿಸಿದ್ದ ಒದ್ದೆ ಗೋಣಿತಟ್ಟು ಕಿತ್ತು ಕುಣಿಯೊಳಗೆ ಒಗೆದ, ಮೇಲೆ ಕೊಡವನ್ನೇ ಬೋರಲು ಹಾಕಿದ. ಬುಸ್ಸೆಂದು ಉಗಿ ಎದ್ದಿತು. ಕಾಕಾ ನಮ್ಮಿಬ್ಬರ ಮೇಲೆ ಬಿದ್ದರು.

ಪಾದದ ಮೇಲೆ ಎರಡು ಬೊಬ್ಬೆ, ಸುಟ್ಟ ಕೂದಲು. ಅದಕ್ಕಿಂತ ಹೆಚ್ಚೇನೂ ಆಗಿರಲಿಲ್ಲ. ಡಾಕ್ಟರು ಮುಲಾಮು ಹಚ್ಚಿ ಕಳಿಸಿದರು. ಈರಣ್ಣ ತಲೆ ತಗ್ಗಿಸಿ ಎರಡೂ ಬಾಟಲಿಗಳನ್ನು ಮೋರಿಗೆ ಸುರಿದ. ಉಪವಾಸ ಹಾಕುತ್ತೇನೆಂದಿದ್ದ ಕಾಕು ನಮ್ಮೆದುರು ತಾಟು ಇಟ್ಟರು. ಕಾಕಾ ಅಂದು ಮತ್ತೆ ಮಗ್ಗದ ಕೋಣೆಯತ್ತ ಸುಳಿಯಲಿಲ್ಲ. “ಬ್ಯಾರೆ ಯಾರಿಗರೆ ಕೊಟ್ಟಬಿಡು ಆ ಮಗ್ಗಾ” ಎಂದು ಬಸವರಾಜನಿಗೆ ಹೇಳಿದ್ದು ನನಗೂ ಕೇಳಿಸಿತು.

ಮರುದಿನ ಬೆಳಿಗ್ಗೆ ಬೀಳಗಿ ಮೇಲಿಂದ ಬಾಗಲಕೋಟೆಗೆ ಹೋಗುವ ಬಸ್ಸಿಗೆ ಹೊರಟು, ಹೇಳಿಹೋಗಲು ಕಾಕಾನನ್ನು ಹುಡುಕಿದೆ. ಅವರು ಕುಣಿಯ ಅಂಚಿನಲ್ಲಿ ಕಾಲು ಹೊರಗೆ ಚಾಚಿ ಒಬ್ಬರೇ ಕೂತಿದ್ದರು. ಮಗ್ಗದ ಮೇಲೆ ಹಾಸಿನ ಉದ್ದೆಳೆಗಳು ಹಾಗೇ ಬಿಗಿಯಾಗಿದ್ದವು, ಕೆಳಗೆ ಕತ್ತಲು.

“ತಮ್ಮಾ, ತಳದಾಗ ಏನರೆ ಐತೇನು ನೋಡು.”

ಬಗ್ಗಿ ತೋಳಿನವರೆಗೆ ಕೈ ಬಿಟ್ಟು ತಡವಿದೆ. ಒದ್ದೆ ಮಣ್ಣು, ತಣ್ಣಗಿನ ಹಲಗೆ. “ಏನೂ ಇಲ್ರಿ ಕಾಕಾ.”

“ಹಂಗಾರ ಕೈ ಹಿಡಿ.”

ಹಿಡಿದೆ. ಒಂದು ಕಾಲು ಇಳಿಸಿದರು, ತುಸು ತಡೆದರು, ಇನ್ನೊಂದನ್ನೂ ಇಳಿಸಿದರು. ಅವರ ಬೆರಳುಗಳು ನನ್ನ ಮಣಿಕಟ್ಟನ್ನು ನೋಯುವಷ್ಟು ಬಿಗಿ ಹಿಡಿದಿದ್ದವು. ಕೆಳಗಿನ ಹಲಗೆ ಒಮ್ಮೆ ಕಿರುಗುಟ್ಟಿತು, ಇನ್ನೊಮ್ಮೆ ಕಿರುಗುಟ್ಟಿತು. ನಾನು ಅವರ ಕೈ ಬಿಡದೆ ಕುಣಿಯೊಳಗೇ ನೋಡುತ್ತಿದ್ದೆ.

“ಸಾಕು, ಇನ್ನ ಬಿಡೋ” ಎಂದರು ಕಾಕಾ. “ಬಸ್ ತಪ್ಪತೈತಿ ನಿಂದು.”