ಕುರ್ಚಿ ಮೇಡಂ ಮತ್ತು ಎಂಟುನೂರು ಓದುಗರು

ಗ್ರಂಥಾಲಯದ ಆ ಹೆಂಗಸನ್ನು ಈಗ ಎಲ್ಲರೂ ಕುರ್ಚಿ ಮೇಡಂ ಅನ್ನುತ್ತಾರೆ. ಕೇಳಿದಾಗಲೆಲ್ಲ ಆಕೆಗೆ ಮೈ ಉರಿಯುತ್ತದೆ. ಇಪ್ಪತ್ತೆರಡು ವರ್ಷ ಪುಸ್ತಕ ಜೋಡಿಸಿ, ಕಿತ್ತುಬಂದ ರಟ್ಟುಗಳಿಗೆ ಗೋಂದು ಹಚ್ಚಿ, ಹಾಳೆಯ ಮೂಲೆ ಮಡಚುವವರ ಜೊತೆ ಜಗಳವಾಡಿದವಳಿಗೆ ಕೊನೆಗೆ ಸಿಕ್ಕ ಬಿರುದು ಇದು.

ಆಕೆಯ ಜೀವ ಇದ್ದದ್ದು ಮಹಡಿಯ ಸಭಾಂಗಣದಲ್ಲಿ. ತಿಂಗಳ ಮೊದಲ ಶನಿವಾರ ಅಲ್ಲೊಂದು ಉಪನ್ಯಾಸ. ಗಡಿಯಾರ ರಿಪೇರಿಯವನು, ಜೇನು ಸಾಕುವವಳು, ನಿವೃತ್ತ ನಾವಿಕ, ಹೀಗೆ ಯಾರನ್ನಾದರೂ ಕಾಡಿ ಬೇಡಿ ಕರೆತರುತ್ತಿದ್ದಳು. ಹನ್ನೊಂದು ವರ್ಷ ನಡೆಯಿತು. ಇತ್ತೀಚೆಗೆ ಬರುವವರು ಕಡಿಮೆಯಾಗಿದ್ದರು, ಅದು ನಿಜ. ಹೊಸದಾಗಿ ಬಂದ ಸಾಹೇಬರು ಮೊದಲ ವಾರವೇ ಹೇಳಿಬಿಟ್ಟರು: ಮುಂದಿನ ಎರಡು ಉಪನ್ಯಾಸಗಳಲ್ಲಿ ಒಂದಕ್ಕಾದರೂ ನಲವತ್ತು ಜನ ಬರದಿದ್ದರೆ ಸಭಾಂಗಣ ಹಳೆಯ ಕಡತಗಳ ಗೋದಾಮು. ವಿಷಯ ಆರಿಸುವ ಕೆಲಸವನ್ನೂ ಆಕೆಯಿಂದ ಕಿತ್ತುಕೊಂಡರು.

"ನಿಮ್ಮ ಜೇನು, ಗಡಿಯಾರ ಯಾರಿಗೆ ಬೇಕು ಮೇಡಂ? ಜನಕ್ಕೆ ಏನು ಬೇಕು ಅಂತ ಇಲ್ಲಿದೆ ನೋಡಿ," ಎಂದು ಕಂಪ್ಯೂಟರ್ ಪರದೆಯನ್ನು ಆಕೆಯ ಕಡೆ ತಿರುಗಿಸಿದರು. ಅಂತರ್ಜಾಲದ ಉಚಿತ ವಿಶ್ವಕೋಶ. ಅದರ ಯಾವ ಪುಟವನ್ನು ದಿನಕ್ಕೆ ಎಷ್ಟು ಸಲ ತೆರೆದರು ಎಂಬ ಲೆಕ್ಕವನ್ನು ಯಾರು ಬೇಕಾದರೂ ನೋಡಬಹುದು. ಜೇನುನೊಣಕ್ಕೆ ಮೂವತ್ತು. ಮಕ್ಕಳು ಹಾಸಿಗೆ ಒದ್ದೆ ಮಾಡುವುದಕ್ಕೆ ಆರುನೂರು. ಮೂಲವ್ಯಾಧಿಗೆ ಎಂಟುನೂರು.

"ಸರ್, ಇವನ್ನೆಲ್ಲ ಜನ ಬಾಗಿಲು ಹಾಕ್ಕೊಂಡು ಓದ್ತಾರೆ."

"ಓದ್ತಾರಲ್ಲ? ಅದನ್ನೇ ಆಸಕ್ತಿ ಅನ್ನೋದು."

ಆಕೆಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಹಾಸಿಗೆ ಒದ್ದೆಯ ಉಪನ್ಯಾಸಕ್ಕೆ ಬಂದವರು ಇಬ್ಬರು. ಒಬ್ಬರು ಬಿಸಿಲು ತಾಳಲಾರದೆ ಫ್ಯಾನ್ ಕೆಳಗೆ ಕೂರಲು ಬಂದವರು, ಇನ್ನೊಬ್ಬರು ಉಪನ್ಯಾಸಕರ ಹೆಂಡತಿ. ಸಾಹೇಬರು ಜಗ್ಗಲಿಲ್ಲ. ಪ್ರಚಾರ ಸಾಲದು, ಮುಂದಿನ ಸಲ ಬೋರ್ಡಿನ ಅಕ್ಷರ ದೊಡ್ಡದಿರಲಿ ಎಂದರು. ಮುಂದಿನ ಸಲ ಅಂದರೆ ಕೊನೆಯ ಸಲ, ಅದೂ ಮೂಲವ್ಯಾಧಿಯ ಮೇಲೆ.

ಮರುದಿನ ತರಕಾರಿ ಹೆಚ್ಚುತ್ತ ಅತ್ತೆಯ ಮುಂದೆ ಎಲ್ಲವನ್ನೂ ಕಾರಿಕೊಂಡಳು. ಅತ್ತೆ ನಗಲಿಲ್ಲ.

"ದೊಡ್ಡಕ್ಷರದಲ್ಲಿ ಬರೆದ್ರೆ ಆ ಬೀದಿಗೇ ಯಾರೂ ಕಾಲಿಡಲ್ಲ ಕಣೇ. ಆರು ವರ್ಷ ಅನುಭವಿಸಿದೀನಿ, ನಿನ್ನ ಮಾವನಿಗೂ ಹೇಳಿಲ್ಲ. ಈ ಕುರ್ಚಿ ಸರಿಯಿಲ್ಲ, ಆ ಕುರ್ಚಿ ಸರಿಯಿಲ್ಲ ಅಂತಿದ್ದೆ, ಅಷ್ಟೇ."

ಸೊಸೆಯ ಕೈಯಲ್ಲಿದ್ದ ಚಾಕು ನಿಂತಿತು. ಆ ಮನೆಯಲ್ಲಿ ಮೂರು ಸಲ ಕುರ್ಚಿ ಬದಲಾಗಿತ್ತು. ಪ್ರತಿ ಸಲವೂ ಆಕೆ ಅತ್ತೆಯನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದಳು.

ಸಾಹೇಬರನ್ನು ಕೇಳದೆ ಬೋರ್ಡು ಬರೆಸಿದಳು: 'ಒಳ್ಳೆಯ ಕುರ್ಚಿ ಯಾವುದು? ಹೆಚ್ಚು ಹೊತ್ತು ಕೂರಲಾಗದವರಿಗೆ ವೈದ್ಯರ ಸಲಹೆ.' ಕೆಳಗೆ ಸಣ್ಣಗೆ, ಹೆಸರು ಬರೆಯದೆ ಚೀಟಿಯಲ್ಲಿ ಪ್ರಶ್ನೆ ಕೇಳಬಹುದು ಎಂದಿತ್ತು.

ಐವತ್ತಮೂರು ಜನ ಬಂದರು. ಎರಡು ಸಲ ಎಣಿಸಿದಳು. ಒಬ್ಬರ ಮುಖ ಒಬ್ಬರು ನೋಡದೆ, ಕೆಲವರು ಮನೆಯಿಂದ ತಂದ ದಿಂಬು ಹಾಕಿಕೊಂಡು ಕೂತರು. ಡಾಕ್ಟರು ಐದು ನಿಮಿಷ ಕುರ್ಚಿಯ ಬಗ್ಗೆ ಹೇಳಿ ವಿಷಯಕ್ಕೆ ಬಂದರು. ಯಾರೂ ಎದ್ದು ಹೋಗಲಿಲ್ಲ. ಚೀಟಿಗಳಲ್ಲಿ ಮುಕ್ಕಾಲು ಪಾಲು ಪಕ್ಕದ ಮನೆಯವರ ತೊಂದರೆಗಳೇ.

ನಡುವೆ ಸಾಹೇಬರು ಒಳಗೆ ಬಂದರು. ಎಲ್ಲರೆದುರು ಬೋರ್ಡಿನ ವಿಷಯ ಎತ್ತುತ್ತಾರೇನೋ ಎಂದು ಕಾದಳು. ಅವರು ಹಿಂದಿನ ಗೋಡೆಗೆ ಒರಗಿ ನಿಂತರು. ಖಾಲಿ ಕುರ್ಚಿ ತೋರಿಸಿದಳು; ಬೇಡ ಎಂದು ತಲೆಯಾಡಿಸಿದರು. ಇನ್ನೊಮ್ಮೆ ತೋರಿಸಿದಳು. ಮುಕ್ಕಾಲು ಗಂಟೆ ನಿಂತೇ ಕೇಳಿದರು.

ಜನ ಇಳಿದುಹೋದ ಮೇಲೆ ಹತ್ತಿರ ಬಂದು ಕಿಟಕಿ ನೋಡುತ್ತ ಹೇಳಿದರು, "ಸಭಾಂಗಣ ಇರ್ಲಿ ಬಿಡಿ ಮೇಡಂ. ಕಡತಗಳಿಗೆ ಬೇರೆ ಜಾಗ ನೋಡೋಣ." ಆಮೇಲೆ ದನಿ ತಗ್ಗಿಸಿ, "ಆ ಡಾಕ್ಟರ ನಂಬರ್ ಇದ್ರೆ ಕೊಡಿ. ನಮ್ಮ ಭಾವನಿಗೆ ಬೇಕಾಗಿತ್ತು."

ಎರಡು ತಿಂಗಳು ತನ್ನ ಜೀವ ತಿಂದ ಎಂಟುನೂರು ಓದುಗರಲ್ಲಿ ಒಬ್ಬರು ಇವರೇ. ಆಕೆಗೆ ರೇಗಿಹೋಯಿತು, ಪಾಪ ಅಂತಲೂ ಅನ್ನಿಸಿತು, ಅದಕ್ಕೆ ಇನ್ನಷ್ಟು ರೇಗಿತು. ನಂಬರ್ ಬರೆದ ಚೀಟಿಯನ್ನು ಕೊಡದೆ ಕೈಯಲ್ಲೇ ಹಿಡಿದು ಕೇಳಿದಳು, "ಮುಂದಿನ ತಿಂಗಳ ವಿಷಯ ನಾನೇ ಆರಿಸ್ಲಾ ಸರ್?"

"ಆರಿಸಿ ಮೇಡಂ," ಎಂದರು ಸಾಹೇಬರು. ಆಕೆ ಕೊಟ್ಟ ಚೀಟಿಯನ್ನು ನಾಲ್ಕಾಗಿ ಮಡಚಿ ಒಳಜೇಬಿಗಿಟ್ಟು, ಪಕ್ಕದ ಕಂಬಿ ಹಿಡಿದು ಮೆಲ್ಲಗೆ ಮೆಟ್ಟಿಲಿಳಿದರು.