ಇಬ್ಬರಿಗೆ ಒಂದು ಕೋಣೆ

ಮೊದಲನೆಯ ದಿನ ಬೆಳಿಗ್ಗೆ ಆರು ಗಂಟೆಗೆ ಯಾರೋ ನನ್ನ ಕೋಣೆಯ ಬಾಗಿಲು ಬಡಿದರು. ಕಾಫಿ ತಂದಿರಬೇಕು ಎಂದುಕೊಂಡು ಸೆರಗು ಸರಿಮಾಡಿಕೊಳ್ಳುತ್ತ ಎದ್ದೆ. ಚಿಲಕಕ್ಕೆ ಕೈಹಾಕುವಷ್ಟರಲ್ಲಿ ಹೊರಗಿನಿಂದ ಒಂದು ಹೆಣ್ಣುದನಿ, "ಹನ್ನೆರಡು, ಇದ್ದೀರಾ?" ಎಂದಿತು. "ಇದೀನಿ" ಎಂದೆ. ಚಪ್ಪಲಿಯ ಸದ್ದು ಮುಂದಕ್ಕೆ ಹೋಯಿತು. "ಹದಿಮೂರು, ಇದ್ದೀರಾ?"

ಕಾಫಿಯೂ ಇಲ್ಲ, ಏನೂ ಇಲ್ಲ. ನಾನು ಜೀವಂತ ಇದ್ದೇನೋ ಇಲ್ಲವೋ ಎಂದು ನೋಡಿಕೊಂಡು ಹೋಗಲು ಬಂದಿದ್ದರು. ಉತ್ತರ ಬರದಿದ್ದರೆ ಅವರ ಹತ್ತಿರ ಇನ್ನೊಂದು ಬೀಗದ ಕೈ ಇರುತ್ತದೆ ಎಂದು ಆಮೇಲೆ ತಿಳಿಯಿತು.

ಮೂವತ್ತೆರಡು ವರ್ಷ ದಾದಿಯಾಗಿದ್ದವಳು ನಾನು. ಕೆ.ಆರ್. ಪೇಟೆಯ ಕಡೆಯ ಹಳ್ಳಿಗಳಲ್ಲಿ ಶುರುವಾದ ನೌಕರಿ ನಾಗಮಂಗಲದಲ್ಲಿ ಮುಗಿಯಿತು. ಅಷ್ಟೂ ವರ್ಷ ಬಾಗಿಲು ಬಡಿದವಳು ನಾನೇ. ಅರವತ್ಮೂರನೆಯ ವಯಸ್ಸಿನಲ್ಲಿ, ಶ್ರೀರಂಗಪಟ್ಟಣದ ಹೊರಗೆ ನಾಲೆಯ ಪಕ್ಕದ ಈ ಹಿರಿಯರ ನಿವಾಸದಲ್ಲಿ, ಬಾಗಿಲ ಒಳಗಡೆ ನಿಂತು "ಇದೀನಿ" ಎನ್ನುವವಳಾಗಿದ್ದೆ.

ನಾಗಮಂಗಲದವರು ಈಗಲೂ ಸಿಕ್ಕಿದಾಗ "ಅಲ್ಲಿ ಎಂಗಿದೀರಿ ಸಿಸ್ಟ್ರೆ? ಯಾಕೋದ್ರಿ?" ಎಂದು ಕೇಳುತ್ತಾರೆ. ಬಸ್ಸು ಹೊರಡುವುದರೊಳಗೆ ಹೇಳಿ ಮುಗಿಸುವ ಉತ್ತರ ಅದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾಗಮಂಗಲದಲ್ಲಿ ನಾನೂ ಜುಬೇದಾಳೂ ಒಂದೇ ಬಾಡಿಗೆ ಮನೆಯಲ್ಲಿ ಹತ್ತೊಂಬತ್ತು ವರ್ಷ ಇದ್ದೆವು. ಅವಳು ಹೆರಿಗೆ ವಾರ್ಡಿನಲ್ಲಿ ಆಯಾ, ನಾನು ನರ್ಸು. ಊರಿಗೆಲ್ಲ ಸಿಸ್ಟರಾದ ನಾನು ಅವಳೊಬ್ಬಳಿಗೆ ನಿಂಗಿ. ಅವಳ ಗಂಡ ಮದುವೆಯಾದ ಎರಡನೆಯ ವರ್ಷಕ್ಕೇ ತೀರಿಕೊಂಡಿದ್ದ, ನನಗೆ ಮದುವೆಯೇ ಆಗಲಿಲ್ಲ. ಒಬ್ಬಳು ಒಲೆ ಹಚ್ಚಿದರೆ ಇನ್ನೊಬ್ಬಳು ನೀರು ಸೇದುತ್ತಿದ್ದಳು. ಅವಳು ನಮಾಜಿಗೆ ಕೂತಾಗ ನಾನು ರೇಡಿಯೋ ಸಣ್ಣ ಮಾಡುತ್ತಿದ್ದೆ. ನನ್ನ ಶನಿವಾರದ ಒಪ್ಪೊತ್ತಿಗೆ ಅವಳೇ ಅವಲಕ್ಕಿ ನೆನೆಹಾಕುತ್ತಿದ್ದಳು. ಇಬ್ಬರೂ ನಿವೃತ್ತರಾದೆವು, ಮನೆಯ ಯಜಮಾನರು ಸತ್ತರು. ಅವರ ಮಕ್ಕಳು ಮನೆ ಕೆಡವಿ ಅಂಗಡಿ ಕಟ್ಟುತ್ತೇವೆ, ದೀಪಾವಳಿಯೊಳಗೆ ಖಾಲಿ ಮಾಡಿ ಎಂದರು.

ಬೇರೆ ಮನೆ ಸಿಗುತ್ತಿತ್ತು. ನಾನು ಹುಡುಕಲಿಲ್ಲ. ಅದಕ್ಕೆ ಕಾರಣ ಒಂದು ಬುಧವಾರ.

ಅವತ್ತು ಜುಬೇದಾ ಪಾಂಡವಪುರದಲ್ಲಿರುವ ತಮ್ಮ ಅನ್ವರನ ಮನೆಗೆ ಹೋಗಿದ್ದಳು. ತಿಂಡಿ ತಿಂದು ಸ್ನಾನಕ್ಕೆ ಹೋದ ನಾನು ಬಚ್ಚಲಲ್ಲಿ ಜಾರಿ ಬಿದ್ದೆ. ಸೊಂಟ ಮುರಿದಿರಲಿಲ್ಲ, ಆದರೆ ಏಳಲು ಆಗಲಿಲ್ಲ. ಬೀದಿಯಲ್ಲಿ ಜನ ಓಡಾಡುವುದು ಕೇಳುತ್ತಿತ್ತು. ಸೊಪ್ಪಿನವಳು ಬಾಗಿಲ ಹತ್ತಿರ ನಿಂತು ಎರಡು ಸಲ ಕೂಗಿ ಹೋದಳು. ನಾನೂ ಕೂಗಬಹುದಿತ್ತು. ಮೈಮೇಲೆ ಬಟ್ಟೆ ಇರಲಿಲ್ಲ. ಸಾವಿರಾರು ಹೆಂಗಸರ ಮೈ ನೋಡಿದವಳು, ನಾಚಿಕೆ ಪಡಬೇಡಿ ಎಂದು ಅಷ್ಟೂ ಜನಕ್ಕೆ ಗದರಿದವಳು, ನಾಚಿಕೆಗೆ ಬಾಯಿ ಮುಚ್ಚಿಕೊಂಡು ತಣ್ಣನೆಯ ಕಲ್ಲಿನ ಮೇಲೆ ಸಂಜೆಯವರೆಗೆ ಬಿದ್ದಿದ್ದೆ. ಜುಬೇದಾ ಬಂದು ಎತ್ತಿದಾಗ, "ಈಗ್ತಾನೆ ಬಿದ್ದೆ ಕಣೆ" ಎಂದುಬಿಟ್ಟೆ. ಹತ್ತೊಂಬತ್ತು ವರ್ಷದಲ್ಲಿ ಅವಳಿಗೆ ಹೇಳಿದ ಮೊದಲ ಸುಳ್ಳು.

ಎರಡನೆಯ ಸುಳ್ಳು ಮುಂದಿನ ತಿಂಗಳು. ಈ ನಿವಾಸಕ್ಕೆ ಅರ್ಜಿ ಹಾಕಿದ್ದೆ. ಒಂದು ತಿಂಗಳು ಇದ್ದು ನೋಡಿ, ಒಗ್ಗಿದರೆ ಸೇರಿ ಎಂಬುದು ಅವರ ನಿಯಮ. ಮೈಸೂರಿನ ಚಿಕ್ಕಪ್ಪನ ಮಗಳ ಮನೆಯಲ್ಲಿದ್ದು ಕಣ್ಣು ತೋರಿಸಿಕೊಂಡು ಬರುತ್ತೇನೆ ಎಂದು ಜುಬೇದಾಳಿಗೆ ಹೇಳಿ, ಒಂದು ಟ್ರಂಕು ಹಿಡಿದು ಬಸ್ಸು ಹತ್ತಿದೆ.

ನಾಗಮಂಗಲದಿಂದ ಶ್ರೀರಂಗಪಟ್ಟಣಕ್ಕೆ ಎಷ್ಟು ದೂರ? ಊಟದ ಹೊತ್ತಿಗೆ ಹೊರಟರೆ ಕಾಫಿಯ ಹೊತ್ತಿಗೆ ಬಂದಿರುತ್ತೀರಿ. ಆದರೂ ಇದು ಬೇರೆ ದೇಶ. ನಮ್ಮ ಕಡೆಯ ಒಣ ಗಾಳಿ, ತೆಂಗಿನ ಗರಿ ಕರಕರ ಎನ್ನುವ ಮಧ್ಯಾಹ್ನ, ಮಣ್ಣಿನ ಕೆಂಪು, ಯಾವುದೂ ಇಲ್ಲಿಲ್ಲ. ಕಣ್ಣು ಹಾಯುವಷ್ಟು ಗದ್ದೆ, ಕಬ್ಬು, ಯಾವಾಗಲೂ ಹರಿಯುವ ನಾಲೆ. ಅಲ್ಲಿ ಒಂದು ಗಂಟೆಯಲ್ಲಿ ಒಣಗುತ್ತಿದ್ದ ಸೀರೆ ಇಲ್ಲಿ ಮಾರನೆಯ ದಿನವೂ ತೇವ. ನನ್ನ ಮಂಡಿಗಳು ಮೂರನೆಯ ದಿನಕ್ಕೇ ದೂರು ಹೇಳತೊಡಗಿದವು.

ಮಾತೂ ಬೇರೆ. ಇಲ್ಲಿ ಇರುವವರನ್ನು 'ಇನ್‌ಮೇಟ್' ಎನ್ನುತ್ತಾರೆ. ಆ ಪದವನ್ನು ನಾನು ಕೇಳಿದ್ದು ಜೈಲಿನವರ ವಿಷಯದಲ್ಲಿ ಮಾತ್ರ. ಮಧ್ಯಾಹ್ನ ಎರಡರಿಂದ ನಾಲ್ಕು 'ರೆಸ್ಟ್ ಅವರ್', ಎಂದರೆ ನಿದ್ದೆ ಬರಲಿ ಬಿಡಲಿ ಹೊರಗೆ ಕಾಣಿಸಬಾರದು. ಬೆಂಗಳೂರು, ಮೈಸೂರಿನಿಂದ ಬಂದವರೇ ಹೆಚ್ಚು. ಊಟದ ಮೇಜಿನಲ್ಲಿ ನಾನು "ಉಳಿ ಇನ್ನೊಸಿ ಬುಡಿ" ಎಂದಾಗ ಎದುರಿನವರು, ಎಷ್ಟು ಮುದ್ದಾದ ಭಾಷೆ ನಿಮ್ಮದು ಎಂದು ನಕ್ಕರು. ಅವಮಾನ ಮಾಡಬೇಕೆಂದಲ್ಲ. ಆದರೂ ಮಾರನೆಯ ದಿನದಿಂದ 'ಹುಳಿ' ಎಂದು ಹಕಾರಕ್ಕೆ ಉಸಿರು ಕೊಟ್ಟು ಹೇಳತೊಡಗಿದೆ, ಇಂಗ್ಲಿಷ್ ಕಲಿಯುವವಳ ಹಾಗೆ. ದಿನವೂ ಅನ್ನ, ಸಾರು, ಒಂದು ಪಲ್ಯ. ಮುದ್ದೆ ಇಲ್ಲ. ಎರಡನೆಯ ವಾರ ಅಡುಗೆಯವರ ಹತ್ತಿರ ನಾನೇ ನಿಂತು ತಿರುವಿ ತೋರಿಸಿದ ಮೇಲೆ ಸೋಮವಾರ ಮುದ್ದೆ ಎಂದು ನಿಗದಿಯಾಯಿತು. ಅವತ್ತು ನಾಲ್ಕು ಜನ ಎರಡನೆಯ ಸಲ ಕೇಳಿ ಹಾಕಿಸಿಕೊಂಡರು. ಅದೊಂದು ಗೆಲುವು.

ಇನ್ನೊಂದನ್ನು ಒಪ್ಪಿಕೊಳ್ಳಬೇಕು. ಈ ಸ್ಥಳದ ಸದ್ದಿಲ್ಲದಿರುವಿಕೆ ನನಗೆ ಇಷ್ಟವಾಯಿತು. ಯಾರೂ ಕರೆಯುವುದಿಲ್ಲ, ಯಾರ ಹೊಟ್ಟೆನೋವೂ ನನ್ನದಲ್ಲ. ಬಚ್ಚಲಲ್ಲಿ ಗೋಡೆಗೆ ಹಿಡಿಕೆ ಇದೆ, ಎಳೆದರೆ ಗಂಟೆ ಬಾರಿಸುವ ಹಗ್ಗ ಇದೆ. ಸ್ನಾನ ಮಾಡುವಾಗ ಆ ಹಗ್ಗವನ್ನು ಸುಮ್ಮನೆ ಮುಟ್ಟಿ ನೋಡುತ್ತಿದ್ದೆ.

ಎರಡನೆಯ ಭಾನುವಾರ ಭೇಟಿಯ ಹೊತ್ತಿನಲ್ಲಿ ವಾರ್ಡನ್ ಕಮಲಾಕ್ಷಿ ಬಂದು, "ನಿಮಗೆ ಯಾರೋ ಬಂದಿದ್ದಾರೆ" ಎಂದರು. ಹಜಾರದ ಬೆಂಚಿನ ಮೇಲೆ ಜುಬೇದಾ ಕೂತಿದ್ದಳು. ಮೈಸೂರಿನ ಚಿಕ್ಕಪ್ಪನ ಮಗಳು ಮದುವೆಗೆ ಕರೆಯಲು ನಾಗಮಂಗಲದ ಮನೆಗೇ ಬಂದಿದ್ದಳಂತೆ. ಆಮೇಲೆ ಜುಬೇದಾ ಬೀರು ಹುಡುಕಿದಾಗ ನಿವಾಸದ ನಿಯಮಾವಳಿ ಸಿಕ್ಕಿತಂತೆ.

"ಕಣ್ಣು ತೋರಿಸ್ಕೊಂಡ್ಯಾ?" ಎಂದಳು.

ನಾನು ಅವಳ ಪಕ್ಕ ಕೂತೆ.

"ನಾನೇನು ಬ್ಯಾಡ ಅಂತಿದ್ನಾ, ನಿಂಗಿ? ಯೋಳೋಗಕ್ಕೆ ಏನಾಗಿತ್ತು ನಿಂಗೆ?"

"ಯೋಳಿದ್ರೆ ನೀನು ಅಳ್ತಿದ್ದೆ."

"ಈಗ ನಗ್ತಿದೀನಾ?"

ಎದುರಿನ ಬೆಂಚಿನವರು ಪತ್ರಿಕೆ ಮಡಿಸಿ ನಮ್ಮತ್ತ ನೋಡಿದರು. ನಾನು ದನಿ ತಗ್ಗಿಸಿ ಬುಧವಾರದ ವಿಷಯ ಹೇಳಿದೆ. ತಿಂಡಿಯ ಹೊತ್ತಿನಿಂದ ಅವಳು ಬರುವವರೆಗೆ ಎಂದೆ.

"ಅಷ್ಟೊತ್ತೂ? ಮತ್ತೆ ಈಗ್ತಾನೆ ಬಿದ್ದೆ ಅಂದೆ?"

"ನೀನು ಇನ್ಮೇಲೆ ತಮ್ಮನ ಮನೇಗೆ ಓಗದೇ ಬುಟ್ಬುಡ್ತೀಯ ಅಂತ ಅಂಗಂದೆ."

"ಯಾ ಅಲ್ಲಾ" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ, ಅನ್ವರ್ ಕರೆಯುತ್ತಿದ್ದಾನೆ, ನಾನು ಪಾಂಡವಪುರಕ್ಕೆ ಹೋಗುತ್ತೇನೆ ಎಂದಳು. ಇಲ್ಲಿ ಇಬ್ಬರು ಇರುವ ಕೋಣೆಗಳಿವೆ, ಕೇಳುತ್ತೇನೆ, ದುಡುಕಬೇಡ ಎಂದೆ. ಅವಳು "ಕೇಳ್ಕೊ" ಎಂದು ಎದ್ದು ಹೋದಳು.

ಮಾರನೆಯ ದಿನ ಕಾರ್ಯದರ್ಶಿಗಳ ಮುಂದೆ ಕೂತೆ. ನಿವೃತ್ತ ಇಂಜಿನಿಯರು, ಮೆತ್ತಗೆ ಮಾತಾಡುವವರು. ಅರ್ಜಿಯ ಮೇಲೆ ಪೆನ್ನು ಇಟ್ಟುಕೊಂಡು ಕೇಳಿದರು: "ಅವರು ನಿಮಗೆ ಏನಾಗಬೇಕು?"

ಇಷ್ಟು ವರ್ಷ ಯಾರೂ ಕೇಳಿರದ ಪ್ರಶ್ನೆ. ಗೆಳತಿ ಎಂದರೆ ಸಾಲದು. ಜೊತೆಯಲ್ಲಿ ಕೆಲಸ ಮಾಡಿದವಳು ಎಂದರೆ ಅದಕ್ಕಿಂತ ಸಣ್ಣದು. "ಜೊತೆಗಾತಿ ಅಂತ ಬರ್ಕೊಳ್ಳಿ" ಎಂದೆ.

"ನಿಯಮದ ಪ್ರಕಾರ ಗಂಡ ಹೆಂಡತಿ, ಇಲ್ಲಾ ಒಡಹುಟ್ಟಿದವರು. ಮತ್ತೆ..." ತಡವರಿಸಿದರು. "ಅವರ ಊಟದ ಪದ್ಧತಿ ಇಲ್ಲಿಗೆ ಹೊಂದುತ್ತದೋ ಇಲ್ಲವೋ."

"ಸಾರ್, ನಮ್ಮನೇಲಿ ಬಾಡಿನೂಟ ಬೇಕು ಅಂತಿದ್ದೋಳು ನಾನು. ಅವಳಿಗೆ ಅನ್ನ ಸಾರು ಇದ್ರೆ ಆಯ್ತು. ನನ್ನನ್ನ ಸೇರಿಸ್ಕೊಳ್ಳೋವಾಗ ಊಟ ಯಾಕೆ ಕೇಳಲಿಲ್ಲ ನೀವು?"

ಅವರ ಕಿವಿ ಕೆಂಪಾಯಿತು. ಸಮಿತಿಯ ಮುಂದಿಡುತ್ತೇನೆ ಎಂದರು.

ಸಮಿತಿಯವರು ಇಲ್ಲ ಎಂದರೆ ನಾನೇನು ಮಾಡಬೇಕು? ವಾಪಸು ಹೋಗುವ ಮನೆ ಇನ್ನು ಕೆಲವೇ ವಾರ ಇರುತ್ತದೆ. ಇಲ್ಲೇ ಉಳಿದರೆ, ಜುಬೇದಾಳನ್ನು ಬಾಗಿಲಲ್ಲೇ ನಿಲ್ಲಿಸಿದವರ ಮನೆಯಲ್ಲಿ ನಾನು ಉಳಿದ ಹಾಗೆ.

ಮೂರನೆಯ ವಾರ, ಒಂದು ಬೆಳಿಗ್ಗೆ, ಪಕ್ಕದ ಬಾಗಿಲು ಬಡಿದ ಸದ್ದು ಕೇಳಿತು. "ಹನ್ನೊಂದು, ಇದ್ದೀರಾ?" ಉತ್ತರ ಇಲ್ಲ. ಮತ್ತೆ ಬಡಿದರು. ಇಲ್ಲ. ನಾನು ಹೊರಗೆ ಓಡಿದೆ. ಕಮಲಾಕ್ಷಿ ಬೀಗದ ಕೈ ಹಾಕಿದರೆ ಬಾಗಿಲು ಅಲುಗಲಿಲ್ಲ, ಒಳಗಿನಿಂದ ಅಗಳಿ ಹಾಕಿತ್ತು. ಎಲ್ಲರೂ ಬಂದು ಸೇರಿದರು. "ಹನ್ನೊಂದು! ಹನ್ನೊಂದನೇ ರೂಮಿನವರೇ!" ನಾನೂ ಹಾಗೇ ಕೂಗಿದೆ. ತೋಟದವನು ಹಾರೆ ತಂದು ಮೀಟಿ ಅಗಳಿ ಮುರಿದ.

ಒಳಗೆ ಆಕೆ ಮಂಚದ ಮೇಲೆ ನೆಟ್ಟಗೆ ಕೂತಿದ್ದರು. ತಲೆ ಬಾಚಿಕೊಂಡಿದ್ದರು, ಒಗೆದ ಸೀರೆ ಉಟ್ಟಿದ್ದರು. ನಾನು ನಾಡಿ ಹಿಡಿದೆ. ನನ್ನದಕ್ಕಿಂತ ನೆಮ್ಮದಿಯಾಗಿ ಬಡಿಯುತ್ತಿತ್ತು.

"ಯಾಕಮ್ಮಾ ಮಾತಾಡಲಿಲ್ಲ?" ಎಂದು ಕಮಲಾಕ್ಷಿ ಅತ್ತೇಬಿಟ್ಟರು.

"ನನ್ನ ಹೆಸರು ಹಿಡಿದು ಯಾರಾದರೂ ಕೂಗುತ್ತೀರೇನೋ ಅಂತ ಕಾಯ್ತಿದ್ದೆ" ಎಂದರು ಆಕೆ. "ಇಷ್ಟು ಜನ ಬಂದಿರಿ. ಒಬ್ಬರೂ ಕೂಗಲಿಲ್ಲ."

ಆಕೆಯ ಹೆಸರು ಶಾರದಮ್ಮ. ಕೆ.ಆರ್. ಪೇಟೆಯಲ್ಲಿ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದವರು. ಇದೆಲ್ಲ ನನಗೆ ತಿಳಿದಿದ್ದು ಅವತ್ತು ಮಧ್ಯಾಹ್ನ, ರೆಸ್ಟ್ ಅವರ್ ಮುರಿದು ಅವರ ಕೋಣೆಯಲ್ಲಿ ಕೂತಾಗ. ಮೂರು ವಾರ ಒಂದೇ ಗೋಡೆಯ ಆಚೆ ಈಚೆ ಮಲಗಿದ್ದೆವು. ಹಳ್ಳಿಯ ಯಾವ ಬಾಣಂತಿಯ ಹೆಸರನ್ನೂ ಮರೆಯದವಳು ಎಂದು ಹೆಸರು ಪಡೆದಿದ್ದ ನಾನು ಪಕ್ಕದವರ ಹೆಸರು ಕೇಳಿರಲಿಲ್ಲ. ಸದ್ದಿಲ್ಲದಿರುವುದು ಇಷ್ಟ ಎಂದಿದ್ದೆನಲ್ಲ, ಅದರ ಇನ್ನೊಂದು ಮುಖ ಅವತ್ತು ಕಂಡಿತು.

ತಿಂಗಳು ಮುಗಿಯಲು ಎರಡು ದಿನ ಇರುವಾಗ ಕಾರ್ಯದರ್ಶಿಗಳು ಒಂದು ಪತ್ರ ಕೊಟ್ಟರು. ಒಪ್ಪಿದ್ದರು. ಜುಬೇದಾ ಆಗಲೇ ತಮ್ಮನ ಮನೆ ಸೇರಿದ್ದಳು, ಮಾರನೆಯ ದಿನವೇ ಪಾಂಡವಪುರದ ಬಸ್ಸು ಹತ್ತಿದೆ.

ಅನ್ವರನದು ಬಸ್ಸಿನ ಸೀಟಿಗೆ ಕುಶನ್ ಹಾಕುವ ಅಂಗಡಿ, ಅದರ ಮೇಲೆ ಮನೆ. ಮೂರು ಕೋಣೆ, ಎಂಟು ಜನ. ಮೆಟ್ಟಿಲ ಮೇಲೇ ಮಕ್ಕಳ ಗದ್ದಲ ಕಿವಿಗೆ ಬಡಿಯಿತು. ಜುಬೇದಾ ನಡುಮನೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ಬೆನ್ನಿಗೊಂದು ಮಗು ಜೋತುಬಿದ್ದಿತ್ತು, ತೊಡೆಯ ಮೇಲೊಂದು ತಲೆಯಿಟ್ಟಿತ್ತು. ಅವಳು ಅವಕ್ಕೆ ಗದರುತ್ತಿದ್ದ ದನಿಯನ್ನು ನಾನು ಹತ್ತೊಂಬತ್ತು ವರ್ಷದಲ್ಲಿ ವಾರ್ಡಿನಲ್ಲಿ ಕೇಳಿದ್ದೆ, ನಮ್ಮ ಮನೆಯಲ್ಲಿ ಒಮ್ಮೆಯೂ ಕೇಳಿರಲಿಲ್ಲ.

"ನೀವೂ ಇಲ್ಲೇ ಇದ್ಬುಡಿ ಅಕ್ಕಾ" ಎಂದ ಅನ್ವರ್, ಮನಸಾರೆ. ಕಾರ್ಯದರ್ಶಿಗಳ ಹತ್ತಿರ ನಡೆದದ್ದನ್ನೆಲ್ಲ ಹೇಳಿ ನಾನು ಪತ್ರವನ್ನು ಜುಬೇದಾಳ ಕೈಗಿಟ್ಟೆ. ಅವಳು ನಿಧಾನವಾಗಿ ಓದಿದಳು. ಒಂದು ಕಡೆ ಬೆರಳು ನಿಂತಿತು. ನಾನು ಜೊತೆಗಾತಿ ಎಂದು ಬರೆಸಿದ್ದ ಕಡೆ ಸಮಿತಿಯವರು 'ಸಹೋದರಿ' ಎಂದು ಟೈಪು ಮಾಡಿಸಿದ್ದರು.

"ಅಕ್ಕನಾ, ತಂಗಿನಾ ಅಂತ ಬರ್ದಿಲ್ಲ" ಎಂದು ನಕ್ಕಳು. ಆಮೇಲೆ ನಗು ನಿಂತಿತು. "ನಾನು ಬರಕಿಲ್ಲ ಕಣೆ."

"ಅವರಂದ ಊಟದ ಮಾತಿಗಾ?"

"ಅಲ್ಲ. ನಂಗೆ ಈ ಗಲಾಟೆ ಬೇಕು. ಬಾಳಾ ವರ್ಸದಿಂದ ಬೇಕಾಗಿತ್ತು. ನಿಂಗೆ ಬ್ಯಾಡ ಅಂತ ಸುಮ್ಕಿದ್ದೆ."

"ನಾನು ನಿಂಗೋಸ್ಕರ ಅವ್ರತ್ರ ಜಗಳ ಆಡಿ ಬಂದಿದೀನಿ."

"ಗೊತ್ತು. ಆದ್ರೆ ನಿಜ ಯೋಳು, ಈ ಮನೇಲಿ ಒಂದಿನ ಇರಕ್ಕಾಯ್ತದಾ ನಿಂಗೆ?"

ಮಗು ಆ ಹೊತ್ತಿಗೆ ಅಕ್ಕಿಯ ಮೊರವನ್ನು ಕೌಚಿತು. ನಾನು ಕೆಳಗೆ ಕೂತು ಚೆಲ್ಲಿದ ಅಕ್ಕಿ ಬಳಿದೆ. ಬರುವಾಗ ಪತ್ರಕ್ಕೆ ಕೈಚಾಚಿದರೆ, "ಇದು ನಂತಾವೇ ಇರ್ಲಿ" ಎಂದು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟುಕೊಂಡಳು.

ನಾನು ನಿವಾಸಕ್ಕೆ ಸೇರಿದೆ. ಒಂದು ಷರತ್ತು ಹಾಕಿ ಸೇರಿದೆ: ಬೆಳಿಗ್ಗೆ ಬಾಗಿಲು ಬಡಿಯುವುದು ನನ್ನ ಕೆಲಸ, ಮತ್ತು ಹೆಸರು ಹಿಡಿದೇ ಕರೆಯುವುದು. ಶಾರದಮ್ಮ ಇಪ್ಪತ್ತೆಂಟು ಹೆಸರುಗಳ ಪಟ್ಟಿಯನ್ನು ದುಂಡಗೆ ಬರೆದುಕೊಟ್ಟರು. ದೀಪಾವಳಿಗೆ ಮುಂಚೆ ನಾನೂ ಜುಬೇದಾಳೂ ನಾಗಮಂಗಲದ ಮನೆ ಖಾಲಿ ಮಾಡಿದೆವು. ಪಾತ್ರೆಗಳೆಲ್ಲ ಪಾಂಡವಪುರಕ್ಕೆ ಹೋದವು, ರೇಡಿಯೋ ನನ್ನ ಜೊತೆ ಬಂತು.

ಎರಡು ವರ್ಷವಾಯಿತು. ಮಂಗಳವಾರ ಪಾಂಡವಪುರಕ್ಕೆ ಹೋಗುತ್ತೇನೆ. ಅಲ್ಲಿ ಮೂರು ಗಂಟೆಯ ಹೊತ್ತಿಗೆ ತಲೆ ಸಿಡಿಯತೊಡಗಿ ನನ್ನ ಕೋಣೆ ನೆನಪಾಗುತ್ತದೆ. ಇಲ್ಲಿಗೆ ಬಂದು ಬಾಗಿಲು ಹಾಕಿಕೊಂಡ ಕೂಡಲೇ ಅಲ್ಲಿಯ ಗದ್ದಲ ಬೇಕೆನಿಸುತ್ತದೆ. ನಾಗಮಂಗಲದ ಬಸ್ಸು ಕಂಡರೆ ಈಗಲೂ ಕಾಲು ಅತ್ತ ಒಂದು ಹೆಜ್ಜೆ ಇಡುತ್ತದೆ, ಇಳಿದು ಹೋಗಲು ಅಲ್ಲಿ ಮನೆಯಿಲ್ಲದಿದ್ದರೂ.

ಕಳೆದ ಮಂಗಳವಾರ ಅನ್ವರನ ಹಿರಿಮಗಳಿಗೆ ಹೆರಿಗೆ ನೋವು ಬಂತು. ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಚಿಕ್ಕ ವಯಸ್ಸಿನ ನರ್ಸು ನಮ್ಮಿಬ್ಬರನ್ನೂ ನೋಡಿ, "ಅಜ್ಜೀರು ಆಚೆ ಕೂತ್ಕೊಳಿ" ಎಂದಳು. ಬೆಂಚಿನ ಮೇಲೆ ಕೂತೆವು. ಒಳಗಿನ ಕೂಗು ಕೇಳಿ ಜುಬೇದಾ, "ಇನ್ನೂ ಒತ್ತಾಯ್ತದೆ" ಎಂದಳು. "ಇಲ್ಲ, ಅರ್ಧ ಗಂಟೆ" ಎಂದೆ. ನನ್ನ ಮಾತೇ ನಿಜವಾಯಿತು. ಹೆಣ್ಣುಮಗು. ನೋಡಿದೆವು, ಬೆರಳು ಎಣಿಸಿದೆವು, ಉಸಿರು ಆಲಿಸಿದೆವು. ಆಸ್ಪತ್ರೆಯಿಂದ ಹೊರಗೆ ಬರುವಾಗ ಸೂರ್ಯ ಇಳಿಯುತ್ತಿದ್ದ.

"ಮನೇಗೆ ಓಗಣ ನಡಿ" ಎಂದಳು ಜುಬೇದಾ.

"ಊಂ, ನಡಿ" ಎಂದೆ.

ಗೇಟಿನ ಹತ್ತಿರ ಅವಳು ಎಡಕ್ಕೆ ತಿರುಗಿದಳು, ನಾನು ಬಸ್ ಸ್ಟ್ಯಾಂಡಿನ ಕಡೆ ಬಲಕ್ಕೆ ತಿರುಗಿದೆ. ನಾಲ್ಕು ಹೆಜ್ಜೆ ಹೋದ ಮೇಲೆ ಪಕ್ಕದಲ್ಲಿ ಯಾರೂ ಇಲ್ಲ ಎಂದು ಇಬ್ಬರಿಗೂ ಗೊತ್ತಾಗಿ, ನಿಂತು ಹಿಂದಿರುಗಿ ನೋಡಿದೆವು.

"ಓಗು, ಬಸ್ಸು ಓಯ್ತದೆ" ಎಂದಳು.