ಹುಳುಮನೆಗೆ ಅಂಟಿದ ಬಾಡಿಗೆ ಮನೆ

ಬಿಡದಿಯಲ್ಲಿ ಕಾರ್ಖಾನೆಗಳು ಒಂದರ ಮಗ್ಗುಲಿಗೊಂದು ಏಳುತ್ತಿದ್ದ ವರ್ಷಗಳವು. ಒಂದರಲ್ಲಿ ನನಗೆ ಕ್ವಾಲಿಟಿ ವಿಭಾಗದಲ್ಲಿ ಕೆಲಸ, ಇನ್ನೊಂದರಲ್ಲಿ ನನ್ನ ಗಂಡನಿಗೆ ಸ್ಟೋರ್ಸಿನಲ್ಲಿ. ನಮ್ಮ ಜೊತೆಯವರೆಲ್ಲ ಬೆಂಗಳೂರಿನಿಂದ ಕಂಪನಿ ಬಸ್ಸಿನಲ್ಲಿ ತೂಕಡಿಸಿಕೊಂಡು ಬರುವವರು. ನಾನು ಮಾತ್ರ ಚನ್ನಪಟ್ಟಣದಲ್ಲಿ ಮನೆ ಮಾಡೋಣ ಎಂದು ಹಟ ಹಿಡಿದೆ. "ಹುಟ್ಟಿದ್ದು ಬೆಂಗಳೂರಲ್ಲಿ, ಬಾಳೋದು ಚನ್ನಪಟ್ಟಣದಲ್ಲೇನೇ?" ಎಂದು ನನ್ನ ಅಮ್ಮ ಮೂತಿ ತಿರುವಿದರು. ನಾನು ಕೇಳಲಿಲ್ಲ. ಕೇಳುವ ಸ್ವಭಾವ ನನಗೆ ಆಗಲೂ ಇರಲಿಲ್ಲ.

ಅಕ್ಕೂರಿಗೆ ಹೋಗುವ ರಸ್ತೆಯಲ್ಲಿ, ಪೇಟೆ ಮುಗಿದು ಹಿಪ್ಪುನೇರಳೆ ತೋಟ ಶುರುವಾಗುವ ಕಡೆ, ಒಂದು ಮನೆಯ ಮಹಡಿ ಸಿಕ್ಕಿತು. ಕೆಳಗೆ ಮನೆಯೊಡತಿ. ಗಂಡ ತೀರಿಹೋದ ಮೇಲೆ ರೇಷ್ಮೆ ಬೆಳೆಯನ್ನು ತಾವೇ ನೋಡಿಕೊಳ್ಳುತ್ತಿದ್ದ ಗಟ್ಟಿಗಿತ್ತಿ. ಹಿತ್ತಲಿನಲ್ಲಿ ರೇಷ್ಮೆಹುಳು ಸಾಕುವ ಹೆಂಚಿನ ಹುಳುಮನೆ. ಅದರಾಚೆ, ಬಸ್ಸಿಗೆ ಹೋಗುವ ಕಾಲುದಾರಿಯಲ್ಲಿ, ಅವರ ಮೈದುನನ ಮನೆ, ಹೊಲ. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಮೊದಲ ದಿನವೇ ಅವರು ಹೇಳಿದ್ದು ಒಂದೇ ಮಾತು:

"ನೋಡವ್ವ, ನೀನು ಏನಾರ ಮಾಡ್ಕೊ. ಊದ್ಗಡ್ಡಿ, ಸೊಳ್ಳೆಬತ್ತಿ ಮಾತ್ರ ಬ್ಯಾಡ. ವಾಸ್ನೆ ತಗಲ್ತೂ ಅಂದ್ರೆ ಹುಳ ನಿಲ್ಲಕಿಲ್ಲ."

ನಾನು ಅಕ್ಷರಶಃ ಪಾಲಿಸಿದೆ. ದೇವರಿಗೂ ಬರೀ ದೀಪ. ಸೊಳ್ಳೆಗೆ ಪರದೆ. ಇಷ್ಟಾದರೂ ಅಡುಗೆಮನೆಯಲ್ಲಿ ಜಿರಲೆ ಬಂದವು. ಬೆಂಗಳೂರಿನಿಂದ ಬರುವಾಗ ನಮ್ಮ ರಟ್ಟಿನ ಡಬ್ಬಗಳಲ್ಲಿ ಅವೂ ಕೂತು ಬಂದಿದ್ದವೆಂದು ಕಾಣುತ್ತದೆ. ಪೇಟೆಯಿಂದ ಒಂದು ಸ್ಪ್ರೇ ತಂದೆ. ಡಬ್ಬಿಯ ಮೇಲೆ 'ವಾಸನೆ ಇಲ್ಲ' ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ದಿನಾ ಲೇಬಲ್ ಓದಿ ಸಹಿ ಹಾಕುವವಳು ನಾನು, ಓದಿದ್ದನ್ನು ನಂಬಿದೆ. ಒಂದು ಭಾನುವಾರ ಬೆಳಿಗ್ಗೆ ಮೂಲೆಮೂಲೆಗೂ ಹೊಡೆದು, ಬಾಗಿಲು ಹಾಕಿ, ಗಾಳಿ ಹೊರಗೆ ತಳ್ಳುವ ಫ್ಯಾನ್ ಹಾಕಿದೆ. ಆ ಫ್ಯಾನಿನ ಮುಖ ಹುಳುಮನೆಯ ಕಿಟಕಿಗೇ ಇತ್ತು.

ಹುಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಎದ್ದು ಗಬಗಬ ಸೊಪ್ಪು ತಿನ್ನುತ್ತಿದ್ದ ಹೊತ್ತದು. ಇನ್ನು ನಾಲ್ಕೇ ದಿನಕ್ಕೆ ಗೂಡು ಕಟ್ಟಬೇಕು. ಸಂಜೆಗೆ ಅಕ್ಕ ಕೂಗಿಕೊಂಡದ್ದು ಕೇಳಿ ಇಳಿದು ಹೋದೆ. ಹುಳುಗಳು ತಲೆ ಎತ್ತಿ ಹೊರಳಾಡುತ್ತ ಹಸಿರು ನೀರು ಕಕ್ಕುತ್ತಿದ್ದವು.

"ಔಷ್ದಿ ಗಾಳಿ ಹೊಡ್ದೈತೆ," ಎಂದರು ಅಕ್ಕ. ಹಿಂದಿನ ದಿನ ಮೈದುನ ಟೊಮೇಟೊಗೆ ಔಷಧಿ ಹೊಡೆದಿದ್ದ. ಇನ್ನೇನು ಬೇಕು? ಬೇಲಿಯ ಹತ್ತಿರ ನಿಂತು ಅವನ ಏಳು ತಲೆಮಾರನ್ನೂ ಜಾಲಾಡಿಬಿಟ್ಟರು. "ಗಾಳಿ ಆ ಕಡೀಗಿತ್ತು ಅತ್ಗೆ, ನಾನು ನೋಡೇ ಹೊಡ್ದಿದ್ದು," ಎಂದು ಅವನು ಎರಡು ಸಲ ಹೇಳಿದ. ಆಮೇಲೆ ಒಳಗೆ ಹೋದ. ನಾನು ತಲೆ ಎತ್ತಿ ನೋಡಿದೆ. ನಮ್ಮ ಫ್ಯಾನ್ ಇನ್ನೂ ತಿರುಗುತ್ತಿತ್ತು.

ಮೂರು ದಿನ ಬಾಯಿ ಬಿಡಲಿಲ್ಲ. ಸತ್ತ ಹುಳುಗಳನ್ನು ಅಕ್ಕ ಮಂಕರಿಯಲ್ಲಿ ಹೊತ್ತು ಗುಂಡಿಗೆ ಸುರಿಯುವುದನ್ನು ಮೇಲಿನಿಂದಲೇ ನೋಡಿದೆ. "ಸುಮ್ನಿರು, ಬೇರೆ ಮನೆ ನೋಡ್ಕೊಂಡು ಹೋಗೋಣ," ಎಂದರು ನನ್ನ ಗಂಡ. ಅವರ ಮೇಲೆ ಹರಿಹಾಯ್ದೆ. ನಿಜ ಹೇಳಬೇಕೆಂದರೆ ನನ್ನ ತಲೆಯಲ್ಲೂ ಅದೇ ಓಡುತ್ತಿತ್ತು. ಬೆಂಗಳೂರಾಗಿದ್ದರೆ ಮನೆ ಬದಲಿಸಿ ಮರೆತುಬಿಡುತ್ತಿದ್ದೆ. ಇಲ್ಲಿ ಬಸ್ಸಿಗೆ ಹೋಗಬೇಕಾದರೆ ಆ ಮೈದುನನ ಅಂಗಳ ದಾಟಿಯೇ ಹೋಗಬೇಕು. ಅವನು ಜಗಲಿಯ ಮೇಲೆ ಕೂತು, ಎಂದಿನಂತೆ "ಡ್ಯೂಟಿಗಾ ಅವ್ವ?" ಎನ್ನುತ್ತಿದ್ದ. ಮೂರನೇ ದಿನ ಹಾಗೆ ಕೇಳಿದಾಗ ಕಾಲು ಮುಂದೆ ಹೋಗಲಿಲ್ಲ. ಹಿಂದಕ್ಕೆ ಬಂದು ಅಕ್ಕನ ಮುಂದೆ ನಿಂತೆ.

"ಅಕ್ಕಾ, ಔಷಧಿ ಹೊಡೆದಿದ್ದು ನಾನು. ಜಿರಲೆಗೆ."

ಬೈಗುಳಕ್ಕೆ ತಯಾರಾಗಿದ್ದೆ. ಅವರು ಬೈಯಲಿಲ್ಲ. "ನನ್ಗೆ ಹೇಳಿದ್ರೆ ಏನ್ ಬಂತು? ನಾನು ಬೋದದ್ದು ಅವನ್ನ. ನಡಿ, ಅವನ ಮುಂದೆ ಹೇಳು. ನಾನೂ ಬತ್ತೀನಿ," ಎಂದು ಸೆರಗು ಸಿಕ್ಕಿಸಿ ಹೊರಟೇಬಿಟ್ಟರು.

ಮೈದುನ ಪೂರ್ತಿ ಕೇಳಿಸಿಕೊಂಡ. ಅತ್ತಿಗೆಯ ಕಡೆ ತಿರುಗಿದ.

"ಈವಮ್ಮ ಮೂರು ದಿನಕ್ಕಾದ್ರೂ ಬಂದು ಹೇಳ್ತು. ಅಣ್ಣ ಸತ್ತಾಗಿಂದ ನಿನ್ನ ಹುಳಕ್ಕೆ ಸೊಪ್ಪು ಹೊತ್ತೋನು ನಾನು. ಒಂದು ಮಾತು ಕೇಳ್ನಿಲ್ವಲ್ಲ ಅತ್ಗೆ, ಹೌದಾ ಅಲ್ವಾ ಅಂತ."

ಅಕ್ಕ ಬಂದ ದಾರಿಯಲ್ಲೇ ತಿರುಗಿ ನಡೆದರು. ಆವತ್ತಿನಿಂದ ಎರಡು ಮನೆಗೂ ಮಾತು ನಿಂತಿತು. ಸತ್ಯ ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದ ನನಗೆ ಇದು ಹೊಸ ಪಾಠ. ಮನೆ ಬಿಡಿ ಎಂದು ಅಕ್ಕ ಹೇಳಲಿಲ್ಲ, ಹೇಳಿದ್ದರೆ ನಿರಾಳವಾಗುತ್ತಿತ್ತೇನೋ. ಹುಳುಮನೆ ತೊಳೆದರು, ಸುಣ್ಣ ಬಳಿದರು, ಮತ್ತೆ ಹೊಸ ಹುಳು ತಂದು ಸಾಕತೊಡಗಿದರು. ಸೊಪ್ಪು ಹೊರಲು ಮೈದುನ ಬರಲಿಲ್ಲ. ಶಿಫ್ಟ್ ಮುಗಿಸಿ ಬಂದು ನಾನು ಹೊತ್ತೆ. ಮೊದಲ ವಾರ ಕತ್ತು ತಿರುಗಿಸಲೂ ಆಗುತ್ತಿರಲಿಲ್ಲ. ಅಕ್ಕ ಬೇಡವೆನ್ನಲೂ ಇಲ್ಲ, ಹೊಗಳಲೂ ಇಲ್ಲ.

ಹುಳು ಹಣ್ಣಾಗುವ ದಿನ ಬಂತು. ಹಣ್ಣಾದ ಹುಳುವನ್ನು ಹೊತ್ತು ಮೀರುವುದರೊಳಗೆ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಅದು ಒಬ್ಬರ ಕೈಲಾಗುವ ಕೆಲಸವಲ್ಲ; ಆ ದಿನ ಅಕ್ಕಪಕ್ಕದವರೆಲ್ಲ ಬರುತ್ತಾರೆ. ಬಂದವರಲ್ಲಿ ಮೈದುನನ ಮನೆಯವರು ಇರಲಿಲ್ಲ. ಅಕ್ಕ ಬಾಗಿಲ ಕಡೆ ನೋಡುತ್ತಿರಲಿಲ್ಲ, ನೋಡಬಾರದೆಂದು ತುಂಬಾ ಕಷ್ಟಪಡುತ್ತಿದ್ದರು.

ಹನ್ನೊಂದು ಗಂಟೆಯ ಹೊತ್ತಿಗೆ ಅವನು ಬಂದ. ತನ್ನ ಮನೆಯ ಎರಡು ಚಂದ್ರಿಕೆಯನ್ನೂ ಹೊತ್ತು ತಂದಿದ್ದ. ಗೋಡೆಗೆ ಒರಗಿಸಿ, ಯಾರನ್ನೂ ನೋಡದೆ, ನನ್ನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಗಟ್ಟಿಯಾಗಿ ಕೇಳಿದ:

"ಏನವ್ವ ಕಂಪ್ನಿಯೋಳೇ, ಕೈ ತೊಳ್ಕಂಡಿದ್ದೀಯಾ?"

ಎಲ್ಲರೂ ಗೊಳ್ಳೆಂದರು. ನಾನು ನಾಚಿ, ತಲೆ ತಗ್ಗಿಸಿ ಹುಳು ಆರಿಸತೊಡಗಿದೆ. ಆ ಕಡೆಯ ಸಾಲಿನಿಂದ ಅಕ್ಕ ತಲೆ ಎತ್ತದೆಯೇ ಹೇಳಿದರು:

"ನಾನೇ ನಿಂತು ತೊಳಿಸಿವ್ನಿ ಕಣಪ್ಪ. ನೀನು ತೊಳ್ಕಂಡು ಬಾ ಹೋಗು, ಬೀಡಿ ಸೇದಿದ್ದೀಯ."

ಎರಡು ತಿಂಗಳಲ್ಲಿ ಅವರಿಬ್ಬರ ನಡುವೆ ಆದ ಮೊದಲ ಮಾತು ಅದು. ಅವನು ಎದ್ದು ತೊಟ್ಟಿಯ ಕಡೆ ಹೋದ.